ಹೋಲಿಕೆಗೆ ಕೊಟ್ಟ ರಕ್ತ

ಅಕ್ಕನ ಇಸ್ತ್ರಿ ಅಂಗಡಿಗೆ ಹೋಗುವ ದಾರಿಯಲ್ಲಿ ನಿಲ್ಲುವುದಕ್ಕೆ ಮೂರು ನೆಪಗಳಿದ್ದವು, ಅವನು ಮೂರಕ್ಕೂ ನಿಂತ. ಚಪ್ಪಲಿ ಹೊಲಿಯುವವನ ಮುಂದೆ ಕೂತು, ಇನ್ನೂ ಆರು ತಿಂಗಳು ಬಾಳಬಹುದಾಗಿದ್ದ ಬಾರಿಗೆ ಎರಡು ಹೊಲಿಗೆ ಹಾಕಿಸಿಕೊಂಡ. ಔಷಧಿ ಅಂಗಡಿಯಲ್ಲಿ ಇಲ್ಲದ ತಲೆನೋವಿಗೆ ಮಾತ್ರೆ ತೆಗೆದುಕೊಂಡ, ಹೊರಗೆ ಬರುವಷ್ಟರಲ್ಲಿ ತಲೆನೋವು ನಿಜವಾಗಿಯೂ ಶುರುವಾಗಿತ್ತು. ಆಮೇಲೆ ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತು, ಹತ್ತುವ ಉದ್ದೇಶವೇ ಇಲ್ಲದ ಎರಡು ಬಸ್ಸುಗಳನ್ನು ಬಿಟ್ಟ. ನಲವತ್ತೇಳು ವರ್ಷದ ಗಂಡಸು, ದೊಡ್ಡಾಸ್ಪತ್ರೆಯ ಪ್ರಯೋಗಾಲಯದಲ್ಲಿ ಹಿರಿಯ ತಂತ್ರಜ್ಞ, ಸ್ವಂತ ಅಕ್ಕನಿಗೆ ಒಂದು ಮಾತು ಹೇಳಲು ಹೆದರಿ ಬಸ್ಸಿನ ನಂಬರು ಓದುತ್ತ ಕೂತಿದ್ದಾನಲ್ಲ ಎಂದು ಅವನಿಗೇ ನಗು ಬಂತು, ಆದರೆ ಅದು ಬಾಯಿಯ ತನಕ ಬರಲಿಲ್ಲ. ಮಾತೇನೋ ಸಣ್ಣದು. ಅಕ್ಕಾ, ನಿನ್ನ ರಕ್ತದಲ್ಲಿ ಇರಬಾರದ್ದು ಒಂದಿದೆ. ಛೆ, ಹಾಗಲ್ಲ, ಇರಬಾರದ್ದು ಎಂದರೆ ಅವಳೇ ಇರಬಾರದವಳು ಎಂದ ಹಾಗಾಗುತ್ತದೆ. ಅಕ್ಕಾ, ಒಂದು ಸ್ಕ್ಯಾನ್ ಮಾಡಿಸೋಣ. ಯಾಕೋ? ಅಲ್ಲಿಗೆ ಮಾತು ನಿಂತುಬಿಡುತ್ತಿತ್ತು. ಬೆಳಗ್ಗೆಯಿಂದ ಏಳೆಂಟು ಸಲ ಅವನು ಆ 'ಯಾಕೋ' ತನಕ ಹೋಗಿ ವಾಪಸ್ಸು ಬಂದಿದ್ದ.

ಇಪ್ಪತ್ತಾರು ವರ್ಷದಿಂದ ಅವನ ಕೆಲಸ ಮನುಷ್ಯರ ವರ್ಣತಂತುಗಳನ್ನು ಎಣಿಸುವುದು. ರಕ್ತ ಬರುತ್ತದೆ, ಅದನ್ನು ಮೈಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿಟ್ಟು ಮೂರು ದಿನ ಸಾಕುತ್ತಾರೆ, ಜೀವಕಣ ಒಂದು ಎರಡಾಗುವ ಹೊತ್ತಿಗೆ ಸರಿಯಾಗಿ ಔಷಧಿ ಹಾಕಿ ಅಲ್ಲೇ ನಿಲ್ಲಿಸಿ, ಉಬ್ಬಿಸಿ, ಗಾಜಿನ ಪಟ್ಟಿಯ ಮೇಲೆ ಎತ್ತರದಿಂದ ಹನಿಹನಿಯಾಗಿ ಬೀಳಿಸುತ್ತಾರೆ. ಬಿದ್ದ ಏಟಿಗೆ ಕಣ ಒಡೆದು ಒಳಗಿನ ನಲವತ್ತಾರು ಎಳೆಗಳು ಚೆಲ್ಲಿಕೊಳ್ಳುತ್ತವೆ. ಎಷ್ಟೆತ್ತರದಿಂದ ಬೀಳಿಸಬೇಕು ಎಂಬುದು ಪುಸ್ತಕದಲ್ಲಿ ಒಂದು ಥರ, ಕೈಯಲ್ಲಿ ಇನ್ನೊಂದು ಥರ. ಅವನು ಗಾಜಿಗೆ ಒಮ್ಮೆ ಹಾ ಎಂದು ಉಸಿರು ಬಿಟ್ಟು, ಆ ಮಂಜು ಆರುವ ಮುಂಚೆ ಭುಜದ ಎತ್ತರದಿಂದ ಹನಿ ಬಿಡುತ್ತಿದ್ದ. ಬಣ್ಣ ಹಾಕಿದರೆ ಎಳೆಗಳು ಪಟ್ಟೆಪಟ್ಟೆಯಾಗಿ ಕಾಣುತ್ತವೆ, ಜೋಡಿ ಹುಡುಕಿ ಸಾಲಾಗಿ ನಿಲ್ಲಿಸಬೇಕು. ಅವನು ಕೆಲಸಕ್ಕೆ ಸೇರಿದಾಗ ಫೋಟೋ ತೆಗೆದು ಕತ್ತರಿಯಲ್ಲಿ ಕತ್ತರಿಸಿ ಅಂಟಿಸುತ್ತಿದ್ದರು, ಈಗ ಪರದೆಯ ಮೇಲೆ ಎಳೆದು ಕೂರಿಸುತ್ತಾರೆ. ಇಪ್ಪತ್ತೆರಡು ಜೋಡಿಗಳ ತನಕ ಹೆಣ್ಣೂ ಒಂದೇ ಗಂಡೂ ಒಂದೇ. ಇಪ್ಪತ್ತಮೂರನೆಯದರಲ್ಲಿ ಹೆಂಗಸಿಗೆ ಎಕ್ಸ್ ಎಂಬ ಹೆಸರಿನವು ಎರಡು. ಗಂಡಸಿಗೆ ಒಂದು ಎಕ್ಸ್, ಅದರ ಪಕ್ಕ ವೈ ಎಂಬ ಒಂದು ಗಿಡ್ಡ. ಮಗು ಗಂಡೋ ಹೆಣ್ಣೋ ಎಂದು ಜಗತ್ತಿನ ಅತ್ತೆಯಂದಿರೆಲ್ಲ ಸೊಸೆಯಂದಿರನ್ನು ಗೋಳು ಹೊಯ್ದುಕೊಂಡಿದ್ದಾರೆ, ಆ ಗಿಡ್ಡ ಬರುವುದಾದರೆ ಗಂಡನ ಕಡೆಯಿಂದಲೇ ಬರಬೇಕು ಎಂದು ಅವನು ಎಷ್ಟೋ ದಂಪತಿಗಳಿಗೆ ಖುಷಿಯಿಂದ ಹೇಳಿದ್ದ.

ದ್ರಾವಣಗಳ ಹೊಸ ಬ್ಯಾಚು ಬಂದಾಗ, ಅದನ್ನು ರೋಗಿಗಳ ರಕ್ತಕ್ಕೆ ಮುಟ್ಟಿಸುವ ಮುಂಚೆ, ಆರೋಗ್ಯವಾಗಿರುವ ಒಬ್ಬ ಗಂಡಸಿನ ಮತ್ತು ಒಬ್ಬ ಹೆಂಗಸಿನ ರಕ್ತ ಇಟ್ಟು ನೋಡುವುದು ಅವರಲ್ಲಿ ಪದ್ಧತಿ. ಹೋಲಿಕೆ ರಕ್ತ ಎನ್ನುತ್ತಿದ್ದರು. ಇದಕ್ಕೆ ಹೊರಗಿನವರು ಯಾರು ಬರುತ್ತಾರೆ? ಕೆಲಸದವರೇ ಸರದಿಯ ಮೇಲೆ ತೋಳು ಒಡ್ಡಬೇಕು. ಗಂಡಸು ಯಾವಾಗಲೂ ಅವನೇ. ಈ ಸಲ ಹೆಂಗಸು ಸಿಗಲಿಲ್ಲ. ಒಬ್ಬಳು ಬಸುರಿ, ಇನ್ನೊಬ್ಬಳು ಜ್ವರಕ್ಕೆ ಮಾತ್ರೆ ನುಂಗುತ್ತಿದ್ದಳು, ಅವನ ಸಹಾಯಕಿ ಹೋದ ಬ್ಯಾಚಿಗಷ್ಟೇ ಕೊಟ್ಟಿದ್ದಳು. ಹೆಂಡತಿಯನ್ನು ಕೇಳಿದರೆ "ಇಪ್ಪತ್ತು ವರ್ಷದಿಂದ ನನ್ನ ರಕ್ತ ಹೀರ್ತಾನೇ ಇದ್ದೀರಲ್ಲ, ಈಗ ಸೀಸೆಲಿ ಬೇರೆ ಬೇಕಾ" ಎಂದಳು. ಅಕ್ಕ ಏನೂ ಕೇಳಲಿಲ್ಲ. ಇಸ್ತ್ರಿಪೆಟ್ಟಿಗೆ ನಿಲ್ಲಿಸಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಉದ್ದನೆಯ, ರೋಮವೇ ಇಲ್ಲದ ನುಣ್ಣನೆಯ ತೋಳನ್ನು ಬಟ್ಟೆಗಂಟಿನ ಮೇಲೆ ಚಾಚಿ, "ತಗೋ, ಎಷ್ಟು ಬೇಕಾದ್ರೂ ತಗೋ. ನನ್ನ ರಕ್ತಕ್ಕೂ ಆಸ್ಪತ್ರೇಲಿ ಕೆಲಸ ಸಿಕ್ತಲ್ಲ" ಎಂದಳು. ಅವನು ಟ್ಯೂಬಿನ ಮೇಲೆ ಚೀಟಿ ಅಂಟಿಸಿ ತನ್ನ ಮುದ್ದಾದ ಅಕ್ಷರದಲ್ಲಿ 'ಹೋಲಿಕೆ, ಹೆಣ್ಣು, ನಾರ್ಮಲ್' ಎಂದು ಬರೆದಿದ್ದ. ಆ ಮೂರನೆಯ ಮಾತನ್ನು ಬರೆಯುವಾಗ ತಾನು ಏನನ್ನೂ ಯೋಚಿಸಿರಲಿಲ್ಲ ಎನ್ನುವುದು ಈಗ ಅವನಿಗೆ ಒಂದು ಅಪರಾಧದಂತೆ ಕಾಣುತ್ತಿತ್ತು.

ಅವನ ವೈ ಸ್ವಲ್ಪ ಉದ್ದ. ರೋಗವೇನಲ್ಲ, ಕೆಲವು ಮನೆತನಗಳಲ್ಲಿ ಮೂಗು ಉದ್ದ ಇರುವ ಹಾಗೆ, ಅಪ್ಪನಿಂದ ಮಗನಿಗೆ ಬರುವಂಥದ್ದು. ಎಷ್ಟೋ ವರ್ಷಗಳಿಂದ ನೋಡಿ ನೋಡಿ ಕನ್ನಡಿಯಲ್ಲಿ ಮುಖ ಗುರುತಿಸಿದಷ್ಟೇ ಸಲೀಸಾಗಿ ಅದನ್ನು ಗುರುತಿಸುತ್ತಿದ್ದ. ಅದೇ ವೈ, ಅದೇ ಉದ್ದ ಬಾಲ, ಹೆಣ್ಣು ಎಂದು ಬರೆದಿದ್ದ ಗಾಜಿನ ಪಟ್ಟಿಯಲ್ಲಿ ಕಂಡಾಗ ಅವನಿಗೆ ಹೊಳೆದದ್ದು ಒಂದೇ: ಸಹಾಯಕಿ ಎರಡು ಟ್ಯೂಬಿಗೂ ಅವನ ರಕ್ತವನ್ನೇ ಹಾಕಿದ್ದಾಳೆ. ಅವನ ಕಸುಬಿನವರಲ್ಲದೆ ಬೇರೆ ಯಾರೂ ಅವನ ಹಾಗೆ ತಪ್ಪು ತಿಳಿಯುತ್ತಿರಲಿಲ್ಲ. ಬೇರೆಯವರಾಗಿದ್ದರೆ ಕಂಡದ್ದನ್ನು ಕಂಡ ಹಾಗೆ ನಂಬುತ್ತಿದ್ದರೇನೋ, ಅವನು ಮಾತ್ರ ತನ್ನ ವೈಯನ್ನು ನೋಡಿ ಅದು ತನ್ನದೇ ಎಂದುಕೊಂಡ, ಅಪ್ಪನದು ಎಂದುಕೊಳ್ಳಲಿಲ್ಲ. ಸಹಾಯಕಿ ಎರಡು ಮಕ್ಕಳ ತಾಯಿ, ಒಂಬತ್ತು ವರ್ಷದಲ್ಲಿ ಒಂದು ಟ್ಯೂಬು ತಪ್ಪಿದವಳಲ್ಲ. "ಸರ್, ನಾನು ಹೆಸರು ಎರಡು ಸಲ ಓದೇ ಹಾಕೋದು" ಎಂದಳು. "ಹಾಗಾದ್ರೆ ನನ್ನ ವೈ ರಾತ್ರೋರಾತ್ರಿ ಕಾಲು ಬಂದು ಆ ಟ್ಯೂಬಿಗೆ ನಡ್ಕೊಂಡು ಹೋಯ್ತಾ?" ಎಂದ. ಕೋಣೆಯಲ್ಲಿದ್ದ ನಾಲ್ಕೂ ಜನ ನಕ್ಕರು. ಜನ ನಕ್ಕರೆ ಅವನಿಗೆ ಇನ್ನೊಂದು ಹೇಳುವ ಚಪಲ, ಇನ್ನೊಂದೂ ಹೇಳಿದ. ಅವಳು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದು, ಸಂಜೆಯ ತನಕ ಟ್ಯೂಬುಗಳ ಚೀಟಿಗಳನ್ನು ಬೆರಳಿಟ್ಟು ಓದುತ್ತ ಕೂತಿದ್ದಳು.

ಮರುದಿನ ಅಕ್ಕನ ಹತ್ತಿರ ಹೋಗಿ, ಟ್ಯೂಬು ಒಡೆದುಹೋಯಿತು ಎಂದು ಸುಳ್ಳು ಹೇಳಿ ಎರಡನೆಯ ಸಲ ರಕ್ತ ತಂದ. ಸೂಜಿಯಿಂದ ಹಿಡಿದು ಗಾಜಿನ ತನಕ ಯಾರ ಕೈಗೂ ಕೊಡಲಿಲ್ಲ. ನಾಲ್ಕನೆಯ ದಿನ, ಎಲ್ಲರೂ ಊಟಕ್ಕೆ ಹೋಗಿದ್ದಾಗ ಕಣ್ಣಿಟ್ಟು ನೋಡಿದರೆ ಮತ್ತೆ ಅದೇ ಉದ್ದ ಬಾಲ. ಬೇರೆ ಎಳೆಗಳಲ್ಲಿ ತನ್ನವಲ್ಲದ ಸಣ್ಣಪುಟ್ಟ ಗುರುತುಗಳು. ಅಂದರೆ ರಕ್ತ ಅವನದಲ್ಲ, ಅವನಕ್ಕನದೇ. ಇಪ್ಪತ್ತು ಕಣ ಎಣಿಸಿದರೆ ಸಾಕು ಎಂಬುದು ನಿಯಮ. ಅವನು ಐವತ್ತು ಎಣಿಸಿದ, ಐವತ್ತೊಂದನೆಯದರಲ್ಲಾದರೂ ಬೇರೆ ಏನೋ ಇದ್ದೀತೆಂಬ ಹಾಗೆ. ಎಣಿಸುತ್ತ ಎಣಿಸುತ್ತ ಅವನಿಗೆ ಅಮ್ಮನ ಧ್ವನಿ ಕೇಳಿಸತೊಡಗಿತು. "ಇವನನ್ನ ಎತ್ತಿ ಎತ್ತೀನೇ ಅವಳ ಹೊಟ್ಟೆ ಹೀಗಾಯ್ತು."

ಅವನು ಹುಟ್ಟಿದಾಗ ಅಕ್ಕನಿಗೆ ಹನ್ನೊಂದು ವರ್ಷ. ಅಪ್ಪ ಹೋದ ಮೇಲೆ ಅಮ್ಮ ಬೆಂಕಿಪೊಟ್ಟಣದ ಕಾರ್ಖಾನೆಗೆ ಹೋಗುತ್ತಿದ್ದಳು. ತಮ್ಮ ಅಕ್ಕನ ಸೊಂಟದ ಮೇಲೆ ಬೆಳೆದ. ಹದಿನಾರಾದರೂ ಅಕ್ಕ ದೊಡ್ಡವಳಾಗಲಿಲ್ಲ. ಎತ್ತರಕ್ಕೆ ಬೆಳೆದಳು, ಮೈ ತುಂಬಿಕೊಂಡಳು, ಮುಖದಲ್ಲಿ ಒಂದು ಮೊಡವೆ ಇಲ್ಲ, ನೋಡಿದವರು ಎಷ್ಟು ಲಕ್ಷಣ ಎನ್ನುತ್ತಿದ್ದರು, ಆದರೆ ಮುಟ್ಟು ಬರಲಿಲ್ಲ. ಸೂಲಗಿತ್ತಿ ಒಬ್ಬಳು ಬಂದು ಹೊಟ್ಟೆ ಒತ್ತಿ ನೋಡಿ, ಎಳೆ ಮೈಯಲ್ಲಿ ಭಾರ ಹೊತ್ತಿದ್ದಕ್ಕೆ ಗರ್ಭಕೋಶ ಜಾರಿಹೋಗಿದೆ ಎಂದಳಂತೆ. ಆ ಮಾತು ಅಮ್ಮನಿಗೆ ಊರುಗೋಲಾಯಿತು. ಕೇಳಿದವರಿಗೆಲ್ಲ ಅದನ್ನೇ ಹೇಳಿದಳು. ಎರಡು ಸಂಬಂಧಗಳು ಬಂದು, ನೋಡಿ, ಒಪ್ಪಿ, ಆಮೇಲೆ ವಿಷಯ ತಿಳಿದು ಎದ್ದು ಹೋದವು, ಎರಡನೆಯವರು ಹೋಗುವಾಗ ಆ ಹುಡುಗನ ತಾಯಿ ಬಾಗಿಲಲ್ಲಿ ನಿಂತಿದ್ದ ಇವನ ಕೆನ್ನೆ ಹಿಂಡಿ "ಇವನೇನಾ ಆ ಭಾರ?" ಎಂದಿದ್ದಳು. ಆಗ ಅವನಿಗೆ ಒಂಬತ್ತು ವರ್ಷ. ಅವತ್ತಿನಿಂದ ಒಂದು ತಿಂಗಳು ಅರ್ಧ ಊಟವನ್ನು ಕಿಟಕಿಯಾಚೆಯ ನಾಯಿಗೆ ಹಾಕಿ ಹಗುರಾಗಲು ನೋಡಿದ. ನಾಯಿ ದಪ್ಪಗಾಯಿತು. ಅಕ್ಕ ಕಂಡುಹಿಡಿದು ಬೆನ್ನಿಗೊಂದು ಗುದ್ದಿ, ಮಡಿಲಲ್ಲಿ ಕೂರಿಸಿಕೊಂಡು ತುತ್ತು ಮಾಡಿ ತಿನ್ನಿಸಿದ್ದಳು. ಎತ್ತಿಕೊಂಡಿರಲಿಲ್ಲ. ಅಕ್ಕ ತನ್ನನ್ನು ಎತ್ತಿಕೊಂಡ ನೆನಪು ಅವನಿಗೆ ಒಂದೂ ಇರಲಿಲ್ಲ, ಇದು ವಿಚಿತ್ರ. ಎತ್ತಿಕೊಂಡಿದ್ದರ ಸುಖ ಒಂದು ಚೂರೂ ನೆನಪಿಲ್ಲದೆ ಅದರ ಲೆಕ್ಕ ಮಾತ್ರ ಹೆಗಲ ಮೇಲೆ ಕೂತಿತ್ತು. ಅಕ್ಕ ಒಂದು ದಿನವೂ ಅದನ್ನೆತ್ತಿ ಹಂಗಿಸಿದವಳಲ್ಲ. ತಮಾಷೆ ಮಾಡುತ್ತಿದ್ದಳು, ಅಷ್ಟೇ. ಅಂಗಡಿಗೆ ಬಂದ ಗಿರಾಕಿಗಳಿಗೆ "ಇವನು ನನ್ನ ತಮ್ಮ. ಸ್ವಲ್ಪ ದುಬಾರಿ ಬಿದ್ದ" ಎಂದು ಪರಿಚಯ ಮಾಡಿಸುವಳು. ಅವನನ್ನು ಕರೆಯುತ್ತಿದ್ದುದೇ ದುಬಾರಿ ಎಂದು.

ದೊಡ್ಡ ಡಾಕ್ಟರಮ್ಮ, ಅವನ ವಿಭಾಗದ ಮುಖ್ಯಸ್ಥೆ, ಪರದೆಯನ್ನು ನೋಡಿ, ಕನ್ನಡಕ ತೆಗೆದು, "ಗೊತ್ತಿರೋದನ್ನೇ ನನ್ನ ಬಾಯಲ್ಲಿ ಕೇಳೋಕೆ ಬಂದಿದ್ದೀರಿ" ಎಂದಿದ್ದರು. ನಿಜ. ಅವನಿಗೆ ಗೊತ್ತಿತ್ತು. ಬಸುರಿನ ಆರೇಳು ವಾರದ ತನಕ ಪಿಂಡಕ್ಕೆ ಎರಡು ದಾರಿಯೂ ತೆರೆದಿರುತ್ತದೆ. ವೈ ಮೇಲೆ ಒಂದು ಚಿಕ್ಕ ಸೂಚನೆ ಇದೆ, ಅದು ಇದ್ದರೆ ಒಳಗೆ ಗಂಡಿನ ಗ್ರಂಥಿಗಳಾಗುತ್ತವೆ, ಆ ಗ್ರಂಥಿಗಳು ಮೈಗೆಲ್ಲ ಹೀಗೆ ಬೆಳೆ ಎಂದು ಹೇಳಿಕಳಿಸುತ್ತವೆ. ಆದರೆ ಹೇಳಿದರೆ ಸಾಲದು, ಮೈಯ ಒಂದೊಂದು ಕಣಕ್ಕೂ ಅದನ್ನು ಕೇಳಿಸಿಕೊಳ್ಳುವ ಕಿವಿ ಬೇಕು. ಆ ಕಿವಿಯನ್ನು ಮಾಡುವ ವಿಧಾನ ಇರುವುದು ವೈ ಮೇಲಲ್ಲ, ಅಮ್ಮನಿಂದ ಬಂದ ಎಕ್ಸ್ ಮೇಲೆ. ಅಮ್ಮನ ಎರಡು ಎಕ್ಸುಗಳಲ್ಲಿ ಒಂದರಲ್ಲಿ ಒಂದು ಅಕ್ಷರ ತಪ್ಪಿರಬೇಕು. ಅದು ಅಕ್ಕನ ಪಾಲಿಗೆ ಬಂತು. ಗ್ರಂಥಿಗಳು ಕೂಗಿದವು, ಮೈಗೆ ಕೇಳಿಸಲಿಲ್ಲ, ಮೈ ತನ್ನಷ್ಟಕ್ಕೆ ಹೆಣ್ಣಾಗಿ ಬೆಳೆಯಿತು. ಗರ್ಭಕೋಶ ಬೇಡ ಎನ್ನುವ ಬೇರೆ ಒಂದು ಸಂದೇಶ ಮಾತ್ರ ಹೇಗೋ ತಲುಪಿತ್ತು. "ನಿಮ್ಮ ಅಕ್ಕ ಹೆಂಗಸೇ, ಅದರಲ್ಲಿ ಯಾರೂ ತಕರಾರು ತೆಗೆಯೋ ಹಾಗಿಲ್ಲ" ಎಂದರು ಡಾಕ್ಟರಮ್ಮ. "ಆದ್ರೆ ಆ ಗ್ರಂಥಿಗಳು ಹೊಟ್ಟೇಲೇ ಉಳ್ಕೊಂಡಿರ್ತವೆ. ಈ ವಯಸ್ಸಲ್ಲಿ ಅಪರೂಪಕ್ಕೆ ಗಡ್ಡೆ ಆಗ್ಬಹುದು. ಸ್ಕ್ಯಾನ್ ಆಗ್ಲೇಬೇಕು. ಸೋಮವಾರ ಕರ್ಕೊಂಡು ಬನ್ನಿ. ನೀವು ಹೇಳ್ತೀರೋ, ನಾನು ಹೇಳ್ಲೋ?" ನಾನೇ ಹೇಳುತ್ತೇನೆ ಎಂದು ಎದ್ದು ಬಂದ. ಕಾರಿಡಾರಿನಲ್ಲಿ ನಡೆಯುತ್ತಿದ್ದಾಗ ಮನಸ್ಸಿನಲ್ಲಿ ಎದ್ದ ಮೊದಲ ಮಾತು ಅಕ್ಕನ ಬಗ್ಗೆ ಆಗಿರಲಿಲ್ಲ. ಹಾಗಾದರೆ ನಾನಲ್ಲ, ನಾನು ಮಾಡಿದ್ದಲ್ಲ, ಎಂದಿತು ಮನಸ್ಸು, ಮತ್ತೆ ಮತ್ತೆ ಎಂದಿತು. ಅಕ್ಕನ ಹೊಟ್ಟೆಯಲ್ಲಿ ಗಡ್ಡೆಯೇ ಇದ್ದರೂ ಇರಬಹುದಾದ ಹೊತ್ತಿನಲ್ಲಿ ತನಗೆ ಹಗುರವಾಯಿತಲ್ಲ ಎಂದು ನಾಚಿಕೆಯಿಂದ ಅವನು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ.

ಇವತ್ತು ಭಾನುವಾರ. ಮೂರನೆಯ ಬಸ್ಸು ಬರುವ ಮುಂಚೆ ಎದ್ದ. ಹೇಳಿದರೆ ಏನಾಗುತ್ತದೆ? ಐವತ್ತೆಂಟು ವರ್ಷ ತಾನು ಒಬ್ಬ ಹೆಣ್ಣು, ಪೆಟ್ಟು ತಿಂದ ಹೆಣ್ಣು ಎಂದುಕೊಂಡು ಬದುಕಿದವಳು ನಾಳೆಯಿಂದ ಕನ್ನಡಿಯಲ್ಲಿ ಏನು ನೋಡುತ್ತಾಳೆ? ತಮ್ಮನಿಗಾಗಿ ಕಳೆದುಕೊಂಡೆ ಎಂಬ ಒಂದು ಹೆಮ್ಮೆ, ಆ ದುಬಾರಿ ಎನ್ನುವ ನಗು, ಅವಳಿಗೆ ಇದ್ದದ್ದು ಅಷ್ಟು. ಅದನ್ನೂ ಕಿತ್ತುಕೊಂಡ ಮೇಲೆ ಅವಳು ತನ್ನನ್ನು ಯಾವ ಕಣ್ಣಿನಿಂದ ನೋಡುತ್ತಾಳೆ? ಹೇಳದೆ ಇರೋಣವೆಂದರೆ ಗಡ್ಡೆ. ಇಷ್ಟು ಪ್ರೀತಿಸುವವಳ ಮುಂದೆ ಬಾಯಿ ಬಿಡುವುದಕ್ಕೆ ಇಷ್ಟು ಕಷ್ಟವಾಗುವುದಾದರೆ ಪ್ರೀತಿಯಿಂದ ಏನು ಪ್ರಯೋಜನ ಎಂದು ಸಿಟ್ಟಾಗಿ, ಆ ಸಿಟ್ಟಿನ ಬಲದಲ್ಲೇ ಅಂಗಡಿಯ ತನಕ ನಡೆದ.

ಅರ್ಧ ಎಳೆದಿದ್ದ ಶಟರಿನ ಕೆಳಗೆ ಅಕ್ಕನ ಪಾದಗಳು ಕಾಣುತ್ತಿದ್ದವು. ಒಳಗೆ ಕಾದ ಬಟ್ಟೆಯ ವಾಸನೆ, ಗೋಡೆಯುದ್ದಕ್ಕೂ ಮಡಿಸಿದ ಅಂಗಿಗಳು, ಒಂದೊಂದರ ಕಾಲರಿನಲ್ಲೂ ಅವಳು ಮಸಿಯಲ್ಲಿ ಬರೆದ ಗುರುತು. ಅಕ್ಕ ಒಂದು ಬಿಳಿ ಅಂಗಿಯ ಮೇಲೆ ಬೆರಳಿಂದ ನೀರು ಚಿಮುಕಿಸಿ ಪೆಟ್ಟಿಗೆ ಆಡಿಸುತ್ತಿದ್ದಳು.

"ಬಾರೋ ದುಬಾರಿ. ಊಟ ಆಯ್ತಾ? ಮುಖ ಯಾಕೆ ಹಿಂಡಿದ ಬಟ್ಟೆ ಥರ ಆಗಿದೆ? ಹೆಂಡ್ತಿ ಬೈದ್ಲಾ?"

"ಇಲ್ಲಕ್ಕ." ಅವನು ಒಗೆದ ಬಟ್ಟೆಯ ಗಂಟಿನ ಮೇಲೆ ಕೂತ. ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ, ಯಾರೂ ಊಹಿಸದ ಕಡೆಯಿಂದ ಶುರು ಮಾಡಿಬಿಟ್ಟ. "ಅಕ್ಕಾ, ನಿಂಗೆ ಆಮೆ ಗೊತ್ತಲ್ಲ?"

"ಗೊತ್ತಿಲ್ದೆ ಏನು. ನಿನ್ನನ್ನ ದಿನಾ ಸ್ಕೂಲಿಗೆ ಹೊರಡಿಸಿದವಳು ನಾನೇ ಅಲ್ವಾ."

"ಆಮೆ ಮೊಟ್ಟೆ ಇಡುತ್ತಲ್ಲ, ಒಳಗಿರೋದು ಗಂಡೋ ಹೆಣ್ಣೋ ಅಂತ ಮೊದ್ಲೇ ತೀರ್ಮಾನ ಆಗಿರೋದಿಲ್ಲ. ಎಷ್ಟೋ ಥರದ ಆಮೆಗಳಲ್ಲಿ ಮರಳು ಬಿಸಿ ಇದ್ರೆ ಹೆಣ್ಣು, ತಂಪಿದ್ರೆ ಗಂಡು."

"ಹೌದಾ! ಹಾಗಾದ್ರೆ ಈ ಅಂಗಡೀಲಿ ಇಟ್ರೆ ಎಲ್ಲ ಹೆಣ್ಣೇ." ಅಕ್ಕ ಅಂಗಿ ತಿರುವಿಹಾಕಿದಳು.

"ಹಕ್ಕಿಗಳಲ್ಲಿ ಅದನ್ನ ನಿರ್ಧಾರ ಮಾಡೋದು ತಾಯಿ ಕಡೆಯಿಂದ ಬಂದದ್ದು. ಜೇನುಹುಳದಲ್ಲಿ ಗಂಡಿಗೆ ಅಪ್ಪನೇ ಇರೋದಿಲ್ಲ. ಒಂದು ಮೀನಿದೆ, ಗುಂಪಿನ ಯಜಮಾನಿ ಸತ್ತುಹೋದ್ರೆ ಅದರ ಗಂಡನೇ ನಿಧಾನಕ್ಕೆ ಹೆಣ್ಣಾಗಿಬಿಡುತ್ತೆ."

"ಸಂಸಾರ ನಡೀಬೇಕಲ್ಲಪ್ಪ, ಪಾಪ" ಎಂದಳು ಅಕ್ಕ. ಆಮೇಲೆ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಅವನನ್ನು ನೋಡಿದಳು. "ಭಾನುವಾರ ಮಧ್ಯಾಹ್ನ ಬಂದು ಮೀನಿನ ಸಂಸಾರ ಹೇಳ್ತಿದ್ದೀಯ ಅಂದ್ರೆ ನಂಗೇನೋ ಆಗಿದೆ. ಅವತ್ತು ಟ್ಯೂಬ್ ಒಡೀಲಿಲ್ಲ, ಅಲ್ವಾ? ಎಷ್ಟು ದಿನ ಅಂತೆ, ಹೇಳ್ಬಿಡು."

"ಅಯ್ಯೋ, ಹಾಗೇನಿಲ್ಲಕ್ಕ! ಸಾಯೋದೇನಿಲ್ಲ!" ಅವನು ಎಷ್ಟು ಜೋರಾಗಿ ಕೂಗಿದನೆಂದರೆ ರಸ್ತೆಯಲ್ಲಿ ಹೋಗುತ್ತಿದ್ದ ಯಾರದೋ ಕಾಲುಗಳು ಶಟರಿನಾಚೆ ನಿಂತು, ಮುಂದೆ ಹೋದವು. ಆಮೇಲೆ ಅವನು ಹೇಳಿದ. ಅಷ್ಟು ದಿನ ಜೋಡಿಸಿಟ್ಟಿದ್ದ ಒಂದು ವಾಕ್ಯವೂ ಸಹಾಯಕ್ಕೆ ಬರಲಿಲ್ಲ. ಎಕ್ಸ್ ಎಂದ, ವೈ ಎಂದ, ಕಿವಿ ಎಂದ, ಕೇಳಿಸಲಿಲ್ಲ ಎಂದ, ಹೊಟ್ಟೆಯಲ್ಲಿ ಎರಡು ಗ್ರಂಥಿ ಎಂದ, ಸಹಾಯಕಿಯನ್ನು ಬೈದದ್ದನ್ನೂ ನಡುವೆ ಯಾಕೋ ಹೇಳಿದ, ಸ್ಕ್ಯಾನ್ ಎಂದ. ಹೇಳುತ್ತ ಹೇಳುತ್ತ ಅಕ್ಕನ ಮುಖ ನೋಡಲಾಗದೆ ಅವಳ ಕೈ ನೋಡಿದ. ಆ ಕೈ ಮಡಿಸಿಟ್ಟ ಅಂಗಿಯನ್ನು ಬಿಚ್ಚಿ ಮತ್ತೆ ಮಡಿಸುತ್ತಿತ್ತು.

ಅಂಗಿಯ ಕೊನೆಯ ಮಡಿಕೆ ಒತ್ತಿ ಅಕ್ಕ ಕೇಳಿದಳು. "ಅಂದ್ರೆ ನಾನು ಗಂಡಸಾ?"

"ಅಲ್ಲಕ್ಕ. ಡಾಕ್ಟರಮ್ಮನೂ ಅದನ್ನೇ ಹೇಳಿದ್ದು. ನೀನು ಹೆಂಗಸೇ. ಗಂಡಾಗು ಅಂತ ಎಷ್ಟು ಕೂಗಿದ್ರೂ ನಿನ್ನ ಮೈ ಕ್ಯಾರೇ ಅನ್ಲಿಲ್ಲ."

"ಮತ್ತೆ ನಮ್ಮಿಬ್ರಿಗೂ ಇರೋದು ಅಪ್ಪನ ಅದೇ... ಅದೇನೋ ಅಂದ್ಯಲ್ಲ."

"ವೈ. ಇಬ್ರಿಗೂ ಅಪ್ಪಂದೇ. ಅಮ್ಮಂದು ನಿಂಗೊಂದು ಬಂತು, ನಂಗೊಂದು ಬಂತು. ನಂಗೆ ಬಂದದ್ದು ನಿಂಗೆ, ನಿಂಗೆ ಬಂದದ್ದು ನಂಗೆ ಬಂದಿದ್ರೆ ಇವತ್ತು ನಾನು ಇಸ್ತ್ರಿ ಮಾಡ್ತಿದ್ದೆ."

"ನೀನಾ? ಅಂಗಡೀನೇ ಸುಟ್ಟುಹಾಕ್ತಿದ್ದೆ." ಅಕ್ಕನ ತುಟಿ ಒಂದು ಕಡೆ ಎಳೆಯಿತು. "ಹಾಗಾದ್ರೆ ಇನ್ಮೇಲೆ ಅಣ್ಣ ಅಂತೀಯಾ?"

ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅಕ್ಕ ನಕ್ಕಳು, ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ನಗು ಅರ್ಧದಲ್ಲೇ ನಿಂತಿತು. "ನಾನು ರಕ್ತ ಕೊಟ್ಟಿದ್ದು ನಿಮ್ಮ ಔಷಧಿ ಸರಿ ಇದೆಯಾ ಅಂತ ನೋಡೋಕೆ" ಎಂದಳು. ಧ್ವನಿ ಏರಿರಲಿಲ್ಲ. "ನನ್ನನ್ನ ನೋಡು ಅಂತ ಹೇಳಿದ್ನಾ? ಎರಡನೇ ಸಲ ಸುಳ್ಳು ಹೇಳಿ ಚುಚ್ಚಿದ್ಯಲ್ಲ, ಅವತ್ತೇ ಹೇಳ್ಬಹುದಿತ್ತು ತಾನೇ? ನಲವತ್ತು ವರ್ಷ ಊರವರ ಬಟ್ಟೆ ಮುಟ್ಟಿದ್ದೀನಿ ಕಣೋ ನಾನು. ಯಾರ ಜೇಬಿಗೂ ಕೈ ಹಾಕಿಲ್ಲ."

"ತಪ್ಪಾಯ್ತಕ್ಕ" ಎಂದ. ಕಿವಿ ಬಿಸಿಯಾಗಿ, ಒಂಬತ್ತು ವರ್ಷದವನಂತೆ ಗಂಟಿನ ಮೇಲೆ ಕುಗ್ಗಿ ಕೂತ. ಅವಳು ಎರಡೇಟು ಹೊಡೆದಿದ್ದರೂ ಸಂತೋಷದಿಂದ ತಿನ್ನುತ್ತಿದ್ದ.

"ಮತ್ತೆ ಆ ಹುಡುಗಿ? ನಾಲ್ಕು ಜನರ ಮುಂದೆ ಬೈದ್ಯಲ್ಲ, ಅವಳ ಹತ್ರ ಹೋಗಿ ಕೇಳ್ಕೊಂಡ್ಯಾ?"

"ಇಲ್ಲ. ಕೇಳ್ಕೋಬೇಕಂದ್ರೆ ನಿನ್ನ ವಿಷ್ಯ ಹೇಳ್ಬೇಕಾಗುತ್ತೆ."

"ಹೇಳು. ಅವಳಿಗೊಬ್ಳಿಗೆ ಹೇಳು. ಎರಡು ಮಕ್ಕಳ ತಾಯಿ ಕೆಲಸ ಬರದವಳು ಅನ್ನಿಸ್ಕೊಂಡು ಮನೆಗೆ ಹೋಗೋದಕ್ಕಿಂತ ನಂದೇನು ಹೋಗುತ್ತೆ. ಬೆಳಗ್ಗೆ ಎದ್ದು ಮೊದ್ಲು ಆ ಕೆಲ್ಸ ಮಾಡು, ಆಮೇಲೆ ನನ್ನ ಸ್ಕ್ಯಾನು ಗೀನು." ಅಕ್ಕ ಬಿಳಿ ಅಂಗಿಯನ್ನು ಅದರ ರಾಶಿಗೆ ಸೇರಿಸಿ ಇನ್ನೊಂದನ್ನು ಎಳೆದುಕೊಂಡಳು. ಸ್ಕ್ಯಾನಿಗೆ ಬರುತ್ತಾಳೆ, ಹಾಗಾದರೆ. ಇಷ್ಟೆಲ್ಲ ಕೇಳಿಯೂ ಅವಳು ಅವಳೇ ಆಗಿ ಉಳಿದಿದ್ದಳು, ಅದೇ ಕೈ, ಅದೇ ನಾಲಿಗೆ, ತನ್ನ ಮೈಯ ಸುದ್ದಿಗಿಂತ ಮೊದಲು ಪರರ ಮಗಳ ಕಣ್ಣೀರಿನ ಸುದ್ದಿ. ಎದ್ದು ಅವಳ ಕಾಲು ಹಿಡಿದುಕೊಳ್ಳಬೇಕು ಎನ್ನಿಸುವಷ್ಟು ಪ್ರೀತಿ ಬಂತು ಅವನಿಗೆ. ಹಿಡಿದರೆ ಒದೆಯುತ್ತಾಳೆ ಎಂದು ಸುಮ್ಮನಿದ್ದ.

ಹೊಸ ಅಂಗಿಯ ಕಾಲರಿನ ಮೇಲೆ ಎರಡು ಸಲ ಪೆಟ್ಟಿಗೆ ಓಡಿಸಿದ ಮೇಲೆ ಅಕ್ಕನ ಕೈ ನಿಧಾನವಾಯಿತು. "ಹಾಗಾದ್ರೆ ನಿನ್ನನ್ನ ಎತ್ಕೊಂಡಿದ್ದಕ್ಕಲ್ಲ."

ಈ ಮಾತಿಗಾಗಿಯೇ ಅವನು ಅಷ್ಟು ದಿನದಿಂದ ಕಾದಿದ್ದ. "ಅಲ್ಲವೇ ಅಲ್ಲಕ್ಕ. ಅದಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ. ನೀನು ಅಮ್ಮನ ಹೊಟ್ಟೇಲಿ ಬೆರಳಷ್ಟು ಉದ್ದ ಆಗೋ ಮುಂಚೆನೇ ಇದೆಲ್ಲ ಮುಗಿದಿತ್ತು. ನಾನು ಹುಟ್ಟೋಕೆ ಇನ್ನೂ ಹನ್ನೊಂದು ವರ್ಷ ಇತ್ತು. ನೀನು ನನ್ನನ್ನ ಒಂದು ದಿನ ಎತ್ತದೆ ಇದ್ದಿದ್ರೂ ಹೀಗೇ ಆಗ್ತಿತ್ತು, ಇಪ್ಪತ್ತು ವರ್ಷ ಎತ್ಕೊಂಡಿದ್ರೂ ಹೀಗೇ."

ಅವಳು ಸ್ವಿಚ್ಚು ಆರಿಸಿದಳು. ಹೋಗಲಿ ಬಿಡು, ಒಂದು ಭಾರ ಇಳಿಯಿತು ಎನ್ನುತ್ತಾಳೆ ಎಂದು ಅವನು ಕಾದ. ಅಕ್ಕ ಬಂದು ಅವನ ಪಕ್ಕದ ಗಂಟಿನ ಮೇಲೆ ಕೂತಳು. ಎತ್ತರದ ಹೆಂಗಸು, ಕೂತಾಗ ಇದ್ದಕ್ಕಿದ್ದಂತೆ ಮುದುಕಿಯಾಗಿ ಕಂಡಳು.

"ಸೂಲಗಿತ್ತಿ ಬಂದು ಹೋದ ಮಾರನೇ ದಿನ" ಎಂದಳು, ಎದುರಿನ ಗೋಡೆ ನೋಡುತ್ತ. "ನಿಂಗೆ ಐದು ವರ್ಷ. ಇನ್ಮೇಲೆ ಇವನನ್ನ ಎತ್ಕೋಬೇಡ, ಇರೋದಾದ್ರೂ ಉಳೀಲಿ ಅಂದ್ಲು ಅಮ್ಮ. ಸಂತೆಯಿಂದ ಬರ್ತಿದ್ವಿ. ನೀನು ದಿನಾ ನಿಲ್ಲೋ ಹಾಗೆ ದಾರಿ ಮಧ್ಯೆ ನಿಂತು ಎರಡೂ ಕೈ ಮೇಲೆತ್ತಿದೆ. ನಾನು ನಡ್ಕೊಂಡು ಹೋಗ್ಬಿಟ್ಟೆ. ಕೈ ಇಳಿ‌ಸ್ಲಿಲ್ಲ ಕಣೋ ನೀನು. ಕೈ ಹಾಗೇ ಎತ್ಕೊಂಡೇ ನನ್ನ ಹಿಂದೆ ಓಡಿ ಬಂದೆ, ಎರಡು ಸಲ ಬಿದ್ದೆ, ಮನೆ ಬಾಗಿಲ ತನಕ ಬಂದೆ. ನಾನು ತಿರುಗಿ ನೋಡ್ಲಿಲ್ಲ."

"ನಂಗೆ ನೆನಪಿಲ್ಲಕ್ಕ."

"ನಂಗಿದೆ. ಉಳಿಸ್ಕೋಬೇಕು ಅಂತ ಇಳಿಸ್ಬಿಟ್ಟೆ. ಉಳಿಸ್ಕೊಳ್ಳೋಕೆ ಅಲ್ಲಿ ಏನೂ ಇರ್ಲೇ ಇಲ್ಲ ಅಂತೀಯಲ್ಲೋ ಈಗ."

ಅವನು ಅವಳ ಕೈ ಹಿಡಿದುಕೊಂಡ. ಐವತ್ತೆಂಟು ವರ್ಷದಲ್ಲಿ ಯಾರಿಗೂ, ಎದ್ದು ಹೋದ ಎರಡು ಸಂಬಂಧಗಳಿಗೂ, ಹುಟ್ಟದ ಮಕ್ಕಳಿಗೂ ಅಳದಿದ್ದ ಅಕ್ಕ ತಮ್ಮನ ಹೆಗಲಿಗೆ ಮುಖ ಒತ್ತಿ ಅಳತೊಡಗಿದಳು.

"ಇನ್ನೂ ಎರಡು ವರ್ಷ ಎತ್ಕೋಬಹುದಿತ್ತಲ್ಲೋ ನಿನ್ನನ್ನ" ಎಂದಳು.